ದೂರು: ಮೂರು ಪ್ಯಾಟರ್ನ್ ಎಂದು ಮಾರಿದ ಮೈಕಿನಲ್ಲಿ ಕೆಲಸ ಮಾಡುವುದು ಒಂದೇ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ.

ವಿಷಯ: ದೋಷವಿರುವ ಕಂಡೆನ್ಸರ್ ಮೈಕನ್ನು ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಕುರಿತು.

ಮಾನ್ಯರೇ,

ನಿಮ್ಮ ಕಂಪನಿಯ ದೊಡ್ಡ ಡಯಾಫ್ರಮ್ಮಿನ (ಸದ್ದಿಗೆ ಅದುರುವ ತೆಳು ಪೊರೆಯ) ಕಂಡೆನ್ಸರ್ ಮೈಕ್ ನನ್ನ ಕೈಸೇರಿ ಇಂದಿಗೆ 34 ದಿನ. ಅದರಲ್ಲಿ 26 ದಿನ ನಿಮ್ಮ ಸಹಾಯ ವಿಭಾಗಕ್ಕೆ ಬರೆಯುವುದರಲ್ಲಿ, ಉತ್ತರಕ್ಕೆ ಕಾಯುವುದರಲ್ಲಿ ಹೋಯಿತು. ಮೂರು ಸಲ ಬರೆದೆ. ಮೂರು ಸಲವೂ ಬೇರೆ ಬೇರೆಯವರು ಉತ್ತರಿಸಿದರು, ಮೂವರೂ ಬೇರೆ ಬೇರೆ ಕಾರಣ ಹೇಳಿದರು. ನಾನು ಜೊತೆಗೆ ಕಳಿಸಿದ್ದ ರೆಕಾರ್ಡಿಂಗನ್ನು ಒಬ್ಬರಾದರೂ ಕೇಳಿದ್ದರೆ ಈ ಪತ್ರ ಬರೆಯಬೇಕಾಗುತ್ತಿರಲಿಲ್ಲ.

ದೋಷ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಯಾವ ದಿಕ್ಕಿನ ಸದ್ದು ಹಿಡಿಯಬೇಕೆಂದು ಆರಿಸುವ ಪ್ಯಾಟರ್ನ್ ಸ್ವಿಚ್ಚನ್ನು ಕಾರ್ಡಿಯಾಯ್ಡ್ (ಎದುರಿನದು), ಓಮ್ನಿ (ಎಲ್ಲ ದಿಕ್ಕಿನದು), ಫಿಗರ್ 8 (ಮುಂದಿನದು ಮತ್ತು ಹಿಂದಿನದು), ಯಾವುದಕ್ಕೆ ತಿರುಗಿಸಿದರೂ ಮೈಕ್ ಕಾರ್ಡಿಯಾಯ್ಡ್ ಆಗಿಯೇ ಉಳಿಯುತ್ತದೆ. ಎದುರಿನ ಸದ್ದನ್ನು ಹಿಡಿಯುತ್ತದೆ, ಬೆನ್ನಿನ ಕಡೆಯದನ್ನು ಬಿಡುತ್ತದೆ. ಸದ್ದು ಹಿಡಿಯುವ ಭಾಗವಾದ ಕ್ಯಾಪ್ಸೂಲಿನ ಹಿಂಬದಿ ಸತ್ತಿದೆ.

ಇದು ನನಗೆ ಇಷ್ಟು ದೊಡ್ಡ ವಿಷಯ ಯಾಕೆ ಎಂದು ತಿಳಿಸಬೇಕು. ನನ್ನ ತಂದೆಯವರಿಗೆ 72 ವರ್ಷ. ಬಾಲ್ಯದಿಂದ ಹಾಡಿಕೊಂಡು ಬಂದವರು. ಈಗ ಒಂದು ಗಂಟೆ ಹಾಡಿದರೆ ಗಂಟಲು ದಣಿಯುತ್ತದೆ, ಮತ್ತೆ ಸರಿಹೋಗಲು ಎರಡು ದಿನ ಬೇಕು. ಅವರಿಗೆ ಗಿಟಾರ್ ನುಡಿಸುವವಳು ನನ್ನ ತಂಗಿ. ಇಬ್ಬರೂ ಮೆಟ್ರೊನೋಮ್ ಇಟ್ಟುಕೊಳ್ಳುವವರಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಸಾಗುತ್ತಾರೆ. ಅಪ್ಪ ಉಸಿರು ತೆಗೆದುಕೊಳ್ಳುವುದನ್ನು ಕಂಡು ಅವಳ ಬೆರಳು ನಿಲ್ಲುತ್ತದೆ. ಅವರನ್ನು ಬೇರೆ ಬೇರೆ ಕೂರಿಸಿ ಒಬ್ಬೊಬ್ಬರನ್ನೇ ರೆಕಾರ್ಡ್ ಮಾಡಿದರೆ ಆ ಸಂಗೀತವೇ ಉಳಿಯುವುದಿಲ್ಲ.

ಮೊದಲು ಎರಡು ಮೈಕ್ ಕೊಳ್ಳುವ ಯೋಚನೆಯಿತ್ತು: ಹಾಡಿಗೆ ದೊಡ್ಡ ಡಯಾಫ್ರಮ್ಮಿನದು, ಗಿಟಾರಿಗೆ ಸಣ್ಣ ಡಯಾಫ್ರಮ್ಮಿನದು. ಕೊಳ್ಳುವ ಮುಂಚೆ ನಿಮ್ಮ ಮಾರಾಟ ಸಲಹೆಗಾರರನ್ನು ಕೇಳಿದೆ. ಒಂದೇ ಸಾಕು ಎಂದರು. ಒಬ್ಬರೇ ಹಾಡುವಾಗ ಕಾರ್ಡಿಯಾಯ್ಡ್, ಗಿಟಾರಿಗೆ ಹತ್ತಿರ ಇಡುವಾಗ ಓಮ್ನಿ, ಇಬ್ಬರು ಎದುರುಬದುರು ಕೂತರೆ ನಡುವೆ ಫಿಗರ್ 8 ಎಂದರು. ಆ ಸಲಹೆ ತಪ್ಪಲ್ಲ, ಈಗಲೂ ಒಪ್ಪುತ್ತೇನೆ. ಕಾರ್ಡಿಯಾಯ್ಡ್ ಮೈಕನ್ನು ಹತ್ತಿರ ತಂದಷ್ಟೂ ಮಂದ್ರ ಉಬ್ಬುತ್ತದೆ. ಹಾಡುಗಾರರಿಗೆ ಅದು ಕೆಲವು ಸಲ ಚೆಂದ, ಗಿಟಾರಿಗೆ ಮಾತ್ರ ಡಬ್ಬದೊಳಗಿನಿಂದ ಬಂದ ಸದ್ದಾಗುತ್ತದೆ. ಓಮ್ನಿಯಲ್ಲಿ ಆ ಉಬ್ಬರ ಇರುವುದಿಲ್ಲ. ಹನ್ನೆರಡನೆಯ ಫ್ರೆಟ್ಟಿನ ಎದುರು ಒಂದು ಗೇಣು ದೂರದಲ್ಲೇ ಇಡಬಹುದು. ಇನ್ನು ಇಬ್ಬರ ನಡುವೆ ಒಂದೇ ಮೈಕ್ ಇದ್ದರೆ, ಎರಡು ಮೈಕುಗಳಿಗೆ ಒಂದೇ ಧ್ವನಿ ಹಿಂದುಮುಂದಾಗಿ ತಲುಪಿ ಸ್ವರ ಟೊಳ್ಳಾಗುವ ತೊಂದರೆಯೂ ಇಲ್ಲ. ಹಾಡು ಜೋರಾಯಿತೆಂದರೆ ಅಪ್ಪನ ಕುರ್ಚಿಯನ್ನು ತುಸು ಹಿಂದೆ ಸರಿಸಿದರೆ ಸಾಕು. ಈ ಮೂರೂ ಅನುಕೂಲಗಳಿಗಾಗಿಯೇ ನಾನು ಈ ಮೈಕನ್ನು ಆರಿಸಿದ್ದು. ಬರೀ ಕಾರ್ಡಿಯಾಯ್ಡ್ ಬೇಕಿದ್ದರೆ ನಿಮ್ಮಲ್ಲೇ ಇದಕ್ಕಿಂತ ಕಡಿಮೆ ಬೆಲೆಯದು ಇತ್ತು.

ಮೈಕ್ ಬಂದ ವಾರದಲ್ಲೇ ಇಬ್ಬರನ್ನೂ ಕೂರಿಸಿ ಫಿಗರ್ 8ರಲ್ಲಿ ರೆಕಾರ್ಡ್ ಮಾಡಿದೆ. ಹೆಡ್‌ಫೋನಿನಲ್ಲಿ ಗಿಟಾರ್ ದೂರವೆನಿಸಿತು. ಒಂದೇ ಕೋಣೆಯಲ್ಲಿ ಕೂತಿದ್ದೆನಾದ್ದರಿಂದ ಕಿವಿಗೆ ಬೀಳುತ್ತಿದ್ದ ನೇರ ಸದ್ದಿನಲ್ಲಿ ಅದು ಸ್ಪಷ್ಟವಾಗಲಿಲ್ಲ. ಅಪ್ಪ ಅಂದು ಆರು ಹಾಡು ಹಾಡಿದರು, ಬಹಳ ದಿನಗಳಿಂದ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ರಾತ್ರಿ ಕೂತು ಕೇಳಿದಾಗ ಅಪ್ಪನ ಧ್ವನಿ ಎದುರಿಗಿತ್ತು, ಗಿಟಾರ್ ಪಕ್ಕದ ಕೋಣೆಯಿಂದ ಗೋಡೆ ತಟ್ಟಿಕೊಂಡು ಬಂದಂತಿತ್ತು. ಆ ರೆಕಾರ್ಡಿಂಗನ್ನು ಯಾವ ಸಾಫ್ಟ್‌ವೇರಿನಿಂದಲೂ ಸರಿಪಡಿಸಲಾಗಲಿಲ್ಲ. ಆ ಆರು ಹಾಡು ಹಾಗೆಯೇ ಹೋದವು.

ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದೆ. ಈ ಬಗೆಯ ಕ್ಯಾಪ್ಸೂಲಿನಲ್ಲಿ ಮುಂದೊಂದು, ಹಿಂದೊಂದು ಡಯಾಫ್ರಮ್ ಇರುತ್ತವೆ. ಮುಂದಿನದಕ್ಕೆ ಮಾತ್ರ ವೋಲ್ಟೇಜ್ ಕೊಟ್ಟರೆ ಕಾರ್ಡಿಯಾಯ್ಡ್, ಎರಡಕ್ಕೂ ಸಮನಾಗಿ ಕೊಟ್ಟರೆ ಓಮ್ನಿ, ಹಿಂದಿನದಕ್ಕೆ ವಿರುದ್ಧ ಧ್ರುವದ್ದು ಕೊಟ್ಟರೆ ಫಿಗರ್ 8. ಹಿಂದಿನ ಡಯಾಫ್ರಮ್ ಕೆಲಸ ಮಾಡದಿದ್ದರೆ ಮೂರರಲ್ಲೂ ಕಾರ್ಡಿಯಾಯ್ಡೇ ಸಿಗಬೇಕು. ಒಂದು ಸಣ್ಣ ಸ್ಪೀಕರಿನಲ್ಲಿ 1 ಕಿಲೋಹರ್ಟ್ಸ್ ಸ್ವರವನ್ನು ಒಂದೇ ಮಟ್ಟದಲ್ಲಿ ಬಿಟ್ಟು, 30 ಸೆಂಟಿಮೀಟರ್ ದೂರದಲ್ಲಿ ಮೈಕ್ ನಿಲ್ಲಿಸಿ, ಗೇನ್ ಮುಟ್ಟದೆ ಮೈಕನ್ನಷ್ಟೇ ತಿರುಗಿಸಿದೆ. ಕಾರ್ಡಿಯಾಯ್ಡಿನಲ್ಲಿ ಬೆನ್ನಿನ ಕಡೆ ಸದ್ದು 18 ಡೆಸಿಬೆಲ್ ಇಳಿಯಿತು. ಅದು ಸರಿಯೇ. ಓಮ್ನಿಯಲ್ಲೂ 18 ಡೆಸಿಬೆಲ್ಲೇ ಇಳಿಯಿತು, ಅಲ್ಲಿ ಹೆಚ್ಚುಕಡಿಮೆ ಇಳಿಯಲೇಬಾರದಿತ್ತು. ಫಿಗರ್ 8ರಲ್ಲಿ ಎರಡು ಪಕ್ಕಗಳಲ್ಲಿ ಸದ್ದು ಅಡಗಿಹೋಗಬೇಕು. ಇಲ್ಲಿ 6 ಡೆಸಿಬೆಲ್ ಅಷ್ಟೇ ಕಡಿಮೆಯಾಯಿತು. ಕಾರ್ಡಿಯಾಯ್ಡ್ ಮೈಕ್ 90 ಡಿಗ್ರಿಯಲ್ಲಿ ಕೊಡಬೇಕಾದ ಇಳಿಕೆಯೂ ಅದೇ 6 ಡೆಸಿಬೆಲ್. ಕೋಣೆಯ ಪ್ರತಿಧ್ವನಿಯಿಂದ ಒಂದೆರಡು ಡೆಸಿಬೆಲ್ ಆಚೀಚೆ ಆಗಿರಬಹುದು. ಆದರೆ ಮೂರು ಪ್ಯಾಟರ್ನುಗಳ ಅಳತೆಯೂ ಒಂದಕ್ಕೊಂದು ಹೊಂದಿಕೊಂಡು ಬರುವುದಕ್ಕೆ ಕೋಣೆ ಕಾರಣವಾಗಲಾರದು.

ನಿಮ್ಮವರ ಉತ್ತರಗಳಿಗೆ ಬರುತ್ತೇನೆ. ಮೊದಲನೆಯವರು ಫ್ಯಾಂಟಮ್ ಪವರ್ (ಕೇಬಲ್ಲಿನ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಸಾಲುತ್ತಿಲ್ಲ ಎಂದರು. ಕೇಬಲ್ಲಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಅಳೆದೆ: ಒಂದನೇ ಪಿನ್ನಿನಿಂದ ಎರಡಕ್ಕೂ ಮೂರಕ್ಕೂ 47.6 ವೋಲ್ಟ್. 48 ವೋಲ್ಟಿನ ಫ್ಯಾಂಟಮ್‌ಗೆ 44ರಿಂದ 52ರವರೆಗೆ ಅವಕಾಶವಿದೆ. ಎರಡನೆಯವರು ನಮ್ಮ ಕೋಣೆಯ ಪ್ರತಿಧ್ವನಿಯನ್ನು ದೂರಿದರು, ಅದರ ಬಗ್ಗೆ ಮೇಲೆಯೇ ಹೇಳಿದ್ದೇನೆ. ಮೂರನೆಯವರು ಮೈಕಿಗೆ ತೇವ ಹಿಡಿದಿರಬಹುದು ಎಂದರು. ತೇವ ಹಿಡಿದ ಕಂಡೆನ್ಸರ್ ಚಟಪಟ ಸದ್ದು ಮಾಡುತ್ತದೆ, ಇದರಲ್ಲಿ ಅಂಥದ್ದೇನೂ ಇಲ್ಲ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಎರಡು ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟೆ, ಮತ್ತೆ ಅದೇ ಪರೀಕ್ಷೆ ಮಾಡಿದೆ. ಅಂಕಿಗಳು ಕದಲಲಿಲ್ಲ.

ಇನ್ನೊಂದು ವಿಷಯವೂ ನಿಮ್ಮ ಗಮನಕ್ಕೆ ಬರಬೇಕು. ವಿವರಪಟ್ಟಿಯಲ್ಲಿ ಮೈಕಿನ ಸ್ವಂತ ಗದ್ದಲ (ಮೈಕೇ ಮಾಡುವ ಸುಯ್ ಸದ್ದು; ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು) 9 ಡೆಸಿಬೆಲ್ ಎಂದು ಮಾತ್ರ ಬರೆದಿದ್ದೀರಿ, ಯಾವ ವೇಯ್ಟಿಂಗ್‌ನಲ್ಲಿ, ಅಂದರೆ ಯಾವ ಕಂಪನಕ್ಕೆ ಎಷ್ಟು ತೂಕ ಕೊಟ್ಟು ಅಳೆದದ್ದೆಂದು ಬರೆದಿಲ್ಲ. ಎ-ವೇಯ್ಟಿಂಗ್‌ನಲ್ಲಿ ಅಳೆದ ಅಂಕಿಗೂ ಐಟಿಯು-ಆರ್ 468 ಎಂಬ ಇನ್ನೊಂದು ಪದ್ಧತಿಯ ಅಂಕಿಗೂ ಒಂದೇ ಮೈಕಿನಲ್ಲೇ ಸುಮಾರು 11 ಡೆಸಿಬೆಲ್ ಅಂತರ ಬರಬಹುದು. ನನ್ನ ಹಳೆಯ ಮೈಕಿನ ಪಟ್ಟಿಯಲ್ಲಿ 16 ಡೆಸಿಬೆಲ್-ಎ ಎಂದಿದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದರೆ ಹಳೆಯದೇ ನಿಶ್ಶಬ್ದ, ನಿಮ್ಮದರಲ್ಲಿ ಸುಯ್ ಎನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ಮೆಲ್ಲಗೆ ಮೀಟಿದ ಒಂದೇ ತಂತಿ ಕರಗುತ್ತಾ ಹೋಗುವಾಗ ಮುಚ್ಚಿಹೋಗುವುದಿಲ್ಲ. ಹಾಡಿಗೂ ವಾದ್ಯಕ್ಕೂ ಒಗ್ಗುತ್ತದೆ ಎಂದು ಮಾರುವ ಮೈಕಿಗೆ ಈ ಅಂಕಿ ಬಹಳ ಮುಖ್ಯ.

ಸ, ಶ, ಚ ಅಕ್ಷರಗಳು ಚುಚ್ಚುತ್ತವೆ ಎಂಬುದನ್ನು ದೋಷವೆಂದು ಹೇಳುತ್ತಿಲ್ಲ, ಅದು ಕಿವಿಗೆ ತಕ್ಕ ಮಾತು. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ನಿಮ್ಮ ಕ್ಯಾಪ್ಸೂಲ್ ಜರ್ಮನಿಯ ನಾಯ್ಮನ್ ಕಂಪನಿಯ ಯು 67 ಮೈಕಿನ ಮಾದರಿಯದು ಎಂದು ಜಾಹೀರಾತಿನಲ್ಲಿದೆ. 1960ರಲ್ಲಿ ಬಂದ ಆ ಮೈಕಿನ ಕ್ಯಾಪ್ಸೂಲ್ ಸ, ಶ, ಚಗಳಂಥ ಚುರುಕು ಸದ್ದಿನ ಎತ್ತರದ ಕಂಪನಗಳನ್ನು ಹೆಚ್ಚಿಸಿ ಕೊಡುತ್ತದೆ, ಒಳಗಿನ ಸರ್ಕ್ಯೂಟ್ ಅದನ್ನು ಮತ್ತೆ ಇಳಿಸುತ್ತದೆ. ಎರಡೂ ಸೇರಿದರೇ ಆ ಮೈಕಿನ ದನಿ. ನಿಮ್ಮ ಸರ್ಕ್ಯೂಟಿನಲ್ಲಿ ಆ ಇಳಿಸುವ ಭಾಗ ಇದೆಯೇ? ಪೆಟ್ಟಿಗೆಯ ಮೇಲೆ ಅಚ್ಚಾದ ಗ್ರಾಫ್ ನೋಡಿದರೆ ತಿಳಿಯುವುದಿಲ್ಲ, ಅದರಲ್ಲಿ ಒಂದೇ ಗೆರೆಯಿದೆ, ಅದೂ ಕಾರ್ಡಿಯಾಯ್ಡಿನದು.

ನಾನು ಕೇಳುವುದು ಇಷ್ಟು. ಈ ಮೈಕನ್ನು ವಾಪಸು ಪಡೆದು ಬೇರೊಂದನ್ನು ಕಳಿಸಿ. ಕಳಿಸುವ ಮುಂಚೆ ಆ ಮೈಕನ್ನೇ ಮೂರೂ ಪ್ಯಾಟರ್ನಿನಲ್ಲಿ ಮುಂದೆ, ಹಿಂದೆ, ಪಕ್ಕ ಅಳೆದು, ಅದರ ಕ್ರಮಸಂಖ್ಯೆ ನಮೂದಿಸಿದ ಗ್ರಾಫುಗಳನ್ನು ಪೆಟ್ಟಿಗೆಯಲ್ಲಿ ಇಡಿ. ಅದು ಆಗದಿದ್ದರೆ ಪೂರ್ತಿ ಹಣವನ್ನು, ಎರಡೂ ಕಡೆಯ ಕೊರಿಯರ್ ಖರ್ಚು ಸೇರಿಸಿ, ಹಿಂದಿರುಗಿಸಿ. ರಿಪೇರಿ ಮಾಡಿದ ಇದೇ ಮೈಕ್ ನನಗೆ ಬೇಡ, ಏಕೆಂದರೆ ಮೊದಲ ದಿನದಿಂದಲೇ ಕೆಟ್ಟಿದ್ದ ವಸ್ತು ಇದು. ವಿವರಪಟ್ಟಿಯಲ್ಲಿ ಗದ್ದಲದ ವೇಯ್ಟಿಂಗ್ ಮತ್ತು ಮೂರೂ ಪ್ಯಾಟರ್ನಿನ ಗ್ರಾಫ್ ಸೇರಿಸಿ. ನನ್ನ ಹಾಗೆ ಒಂದೇ ಒಂದು ಮೈಕಿಗೆ ಹಣ ಹೊಂದಿಸುವವರು ಆ ಪಟ್ಟಿಯನ್ನೇ ನಂಬಿ ಕೊಳ್ಳುತ್ತಾರೆ.

15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ಅಧಿಕಾರಿಗಳಿಗೆ ಈ ಪತ್ರದ ಪ್ರತಿಯನ್ನು ಕೊಡುತ್ತೇನೆ.

ಖರೀದಿ ರಸೀದಿ, ಸಲಹೆಗಾರರೊಂದಿಗಿನ ಸಂಭಾಷಣೆ, ನಿಮ್ಮವರ ಮೂರು ಉತ್ತರಗಳು ಮತ್ತು ಒಂಬತ್ತು ಆಡಿಯೊ ಫೈಲುಗಳನ್ನು ಲಗತ್ತಿಸಿದ್ದೇನೆ. ಐದನೆಯ ಫೈಲನ್ನಾದರೂ ಹೆಡ್‌ಫೋನ್ ಹಾಕಿಕೊಂಡು ಕೇಳಿ: ಫಿಗರ್ 8ರಲ್ಲಿ ಮೈಕಿನ ಮುಂದೆ ನಿಂತು ಹತ್ತು ಎಣಿಸಿ, ಹಿಂದೆ ಹೋಗಿ ಮತ್ತೆ ಹತ್ತು ಎಣಿಸಿದ್ದೇನೆ. ಮೈಕ್ ಅದರ ಪೆಟ್ಟಿಗೆಯಲ್ಲೇ ಇದೆ, ಯಾವ ದಿನ ಬಂದರೂ ಕೊಟ್ಟು ಕಳಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ