ಎಮಿಷನ್ ಟೆಸ್ಟ್: ಫೇಲ್ ಅಂದ್ರೆ ಸಾಕಾ, ಯಾಕೆ ಅಂತ ಹೇಳೋದ್ ಬೇಡ್ವಾ?

ಮಾನ್ಯ ಸಂಪಾದಕರೇ,

ಸುಂಟಿಕೊಪ್ಪದ ಹತ್ರ ತೋಟದಲ್ಲಿ ಇರೋರು ನಾವು, ಮನೇಲಿ ಅಪ್ಪ ತಗೊಂಡ 1998ರ ಮಾರುತಿ 800 ಇದೆ, ಕಾರ್ಬೊರೇಟರ್ (ಗಾಳಿ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋ ಗಾಡಿ. ಮಾರಿಬಿಡಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಎಫ್‌ಸಿ ಮಾಡ್ಸಿ ಆರ್‌ಸಿ ರಿನ್ಯೂವಲ್ ಮಾಡ್ಸಿ ಇಷ್ಟು ವರ್ಷ ಸಾಕಿದೀವಿ, ಕೈಲ್ ಮುಹೂರ್ತಕ್ಕೆ (ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ) ಕೋವಿ ಜೊತೆ ಅದಕ್ಕೂ ಗಂಧ ಹಚ್ಚಿ ಹೂವಿಡ್ತೀವಿ, ಈಗ ಮಾರು ಅಂದ್ರೆ ಹೇಗೆ.

ವಿಷಯ ಏನಂದ್ರೆ ಹೋದ ತಿಂಗಳು ಎಮಿಷನ್ ಟೆಸ್ಟ್‌ಗೆ, ಅಂದ್ರೆ ಗಾಡಿ ಹೊಗೆ ತಪಾಸಣೆಗೆ ಹೋದೆ, ಫೇಲ್. ಸಿಒ (ಹೊಗೇಲಿರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ) 4.7 ಪರ್ಸೆಂಟ್ ಬಂದಿದೆ ಅಂದ್ರು. ಎಷ್ಟಿರ್ಬೇಕು ಅಂದ್ರೆ ಅಲ್ಲಿದ್ದ ಹುಡುಗ ಕಂಪ್ಯೂಟರ್‌ನಿಂದ ಕಣ್ಣು ತೆಗೀದೆ "ಕಮ್ಮಿ ಇರ್ಬೇಕು ಸರ್" ಅಂದ. ಎಷ್ಟು ಕಮ್ಮಿ, ಏನ್ ರಿಪೇರಿ ಮಾಡ್ಸ್ಬೇಕು, ಒಂದೂ ಇಲ್ಲ. ಆಮೇಲೆ ಮೆಕ್ಯಾನಿಕ್ ಅಣ್ಣನೇ ಹೇಳಿದ್ದು, ನಮ್ಮಂಥ ಹಳೇ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡ್ತಿರೋವಾಗ) ಸಿಒ 3 ಪರ್ಸೆಂಟ್, ಎಚ್‌ಸಿ (ಉರೀದೆ ಉಳಿದ ಪೆಟ್ರೋಲ್ ಅಂಶ, ಹೈಡ್ರೋಕಾರ್ಬನ್) 1,500 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 1,500 ಪಾಲು, ಅದರೊಳಗಿರ್ಬೇಕು ಅಂತ. ಆಮೇಲೆ ಬಂದ ಬಿಎಸ್-4 ಮಾನದಂಡದ ಗಾಡಿಗೆ ಸಿಒ 0.3, ಎಚ್‌ಸಿ 200 ಅಷ್ಟೇ. ಅಂದ್ರೆ ಹಳೇ ಗಾಡಿಗೆ ಸರ್ಕಾರನೇ ಸಾಕಷ್ಟು ರಿಯಾಯಿತಿ ಕೊಟ್ಟಿದೆ, ಅದ್ರಲ್ಲೂ ಫೇಲ್ ಆಯ್ತು ಅಂದ್ರೆ ನಮ್ಮ ಕಾರಲ್ಲೇ ಏನೋ ಎಡವಟ್ಟು ಇದೆ ಅಂತ ತಾನೇ.

ಎಡವಟ್ಟು ಒಂದಲ್ಲ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ್ರೆ ಒಳಗೆ ಇಲಿ ಗೂಡು, ಸಿಲ್ವರ್ ಮರದ ಒಣಗಿದ ಎಲೆ, ಗೋಣಿ ನಾರು, ಒಂದೆರಡು ಕಾಫಿ ಬೀಜ ಬೇರೆ! ಮಳೆಗಾಲದಲ್ಲಿ ಮೂರು ತಿಂಗಳು ಶೆಡ್ಡಲ್ಲೇ ನಿಂತಿತ್ತಲ್ಲ, ಅವಕ್ಕೆ ಬೆಚ್ಚಗಿನ ಮನೆ ಆಗಿದೆ. ಪ್ಲಗ್ ಮೂರೂ ಮಸಿ ಹಿಡಿದು ಒಲೆ ಕಟ್ಟೆ ಥರ ಕಪ್ಪು. ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗ್ಲಿ ಅಂತ ಗಾಳಿ ಕಮ್ಮಿ ಮಾಡೋದು) ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿದೆ, ಹಾಗಾಗಿ ನಾನು ನಾಬ್ ಒಳಗೆ ತಳ್ಳಿದ್ರೂ ಚೋಕ್ ಪೂರ್ತಿ ತೆಗೀತಾನೇ ಇರ್ಲಿಲ್ಲ. ಗಾಳಿ ಕಮ್ಮಿ ಪೆಟ್ರೋಲ್ ಜಾಸ್ತಿ, ಪೂರ್ತಿ ಉರೀದೆ ಇದ್ದಿದ್ದು ಸಿಒ ಆಗಿ ಹೊರಗೆ. ಸೈಲೆನ್ಸರ್‌ನಲ್ಲೂ ತೂತು ಇತ್ತು, ಅಲ್ಲಿಂದ ಹೊರಗಿನ ಗಾಳಿ ಸೇರಿದ್ರೆ ರೀಡಿಂಗ್ ಸುಳ್ಳು ಕಮ್ಮಿ ಬರುತ್ತಂತೆ, ಅಂದ್ರೆ ನಿಜವಾದ್ದು 4.7ಕ್ಕಿಂತ ಜಾಸ್ತಿನೇ ಇದ್ದಿರ್ಬೇಕು. ಅದನ್ನ ವೆಲ್ಡಿಂಗ್ ಮಾಡ್ಸಿದ್ವಿ.

ಇನ್ನೊಂದು ನಂಗೆ ಗೊತ್ತೇ ಇರ್ಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಮನೆಗೆ ಹೋದಾಗ ಮಂಗಳೂರಲ್ಲಿ ಕಾರ್ಬೊರೇಟರ್ ಟ್ಯೂನ್ ಮಾಡ್ಸಿದ್ದೆ. ಮಂಗಳೂರು ಸಮುದ್ರದ ಪಕ್ಕ, ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಸಂಪಾಜೆ ಘಾಟಿ ಹತ್ತಿ ಬಂದ್ರೆ ಗಾಳಿ ತೆಳು ಆಗುತ್ತೆ, ಆದ್ರೆ ಕಾರ್ಬೊರೇಟರ್‌ಗೆ ಅದು ಗೊತ್ತಾಗಲ್ಲ, ಪೆಟ್ರೋಲ್ ಅದೇ ಲೆಕ್ಕದಲ್ಲಿ ಬಿಡ್ತಾ ಇರುತ್ತೆ. ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರೋ ಹೊಸ ಗಾಡಿಯಾದ್ರೆ ಸೆನ್ಸರ್ ನೋಡ್ಕೊಳುತ್ತೆ. ಹಾಗಾಗಿ ಕೊಡಗಲ್ಲಿ ಓಡೋ ಹಳೇ ಗಾಡಿನ ಕೊಡಗಲ್ಲೇ ಟ್ಯೂನ್ ಮಾಡ್ಸ್ಬೇಕು, ಅದೂ ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ. ಟೆಸ್ಟ್‌ಗೂ ಅಷ್ಟೇ, ನಾನು ಮೊದಲ ಸಲ ಮಳೇಲಿ ಮುಕ್ಕಾಲು ಗಂಟೆ ಕ್ಯೂನಲ್ಲಿ ಆಫ್ ಮಾಡಿ ನಿಂತು ಇಂಜಿನ್ ತಣ್ಣಗಿರೋವಾಗ್ಲೇ ಸೈಲೆನ್ಸರ್‌ಗೆ ಟೆಸ್ಟ್ ಪೈಪ್ ಹಾಕ್ಸಿದ್ದೆ. ಎರಡನೇ ಸಲ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನೇರ ಹೋಗಿ ನಿಲ್ಸಿದೆ, 1.9 ಬಂತು, ಪಾಸ್.

ಪಕ್ಕದ ತೋಟದವ್ರ ಹಳೇ ಡೀಸೆಲ್ ಜೀಪಿನ ಕಥೆ ಬೇರೆ, ಅದಕ್ಕೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ, ಡೀಸೆಲ್ ಚಿಮ್ಮಿಸೋ ನಾಜಲ್ ಸರ್ವಿಸ್ ಮಾಡ್ಸ್ದೆ ಪಾಸ್ ಆಗೋದು ಕಷ್ಟ.

ಈಗ ನನ್ನ ಸಿಟ್ಟು ಎಲ್ಲಿ ಅಂದ್ರೆ, ಇದಕ್ಕೂ ಹಿಂದೆ ಎರಡು ಸಲ ಬೇರೆ ಒಂದು ಕಡೆ ನಂಗೆ ಸರ್ಟಿಫಿಕೇಟ್ ಸಿಕ್ಕಿತ್ತು. ಸೈಲೆನ್ಸರ್‌ಗೆ ಪೈಪೇ ಹಾಕ್ಲಿಲ್ಲ, ನಂಬರ್ ಪ್ಲೇಟ್ ಫೋಟೋ ಹೊಡೆದ್ರು, ಚೀಟಿ ಕೊಟ್ರು. ಆಗ ನಾನೂ ಬೇಗ ಆಯ್ತಲ್ಲ ಅಂತ ಖುಷಿಯಾಗೇ ಬಂದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವತ್ತೇ ಸರಿಯಾಗಿ ನೋಡಿ ಫೇಲ್ ಮಾಡಿದ್ರೆ ಒಂದು ವರ್ಷ ಲೀಟರ್‌ಗೆ 11 ಕಿಲೋಮೀಟರ್ ಕೊಡೋ ಗಾಡಿಗೆ ಪೆಟ್ರೋಲ್ ಸುರೀತಿರ್ಲಿಲ್ಲ, ಈಗ ಅದೇ ಗಾಡಿ 15 ಕೊಡ್ತಾ ಇದೆ. ಘಾಟಿ ರಸ್ತೇಲಿ ನನ್ನ ಹಿಂದೆ ಬೈಕಲ್ಲಿ ಬಂದೋರು ಆ ಹೊಗೆ ಕುಡಿದಿದ್ದು ಬೇರೆ ಲೆಕ್ಕ.

2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೇಲಿ ಹೊಗೆ ಮಿತಿ ಮೀರಿದ ಗಾಡಿ ಓಡ್ಸಿದ್ರೆ 10,000 ರೂಪಾಯಿವರೆಗೆ ದಂಡ ಇದೆ, ಅದನ್ನ ಎಲ್ರೂ ಹೇಳ್ತಾರೆ. ಯಾವ ಗಾಡಿಗೆ ಎಷ್ಟು ಲಿಮಿಟ್, ಇಂಜಿನ್ ಬಿಸಿ ಮಾಡ್ಕೊಂಡು ಬನ್ನಿ, ಏರ್ ಫಿಲ್ಟರ್ ಪ್ಲಗ್ ನೋಡ್ಸ್ಕೊಂಡು ಬನ್ನಿ ಅಂತ ಕನ್ನಡದಲ್ಲಿ ನಾಲ್ಕು ಸಾಲಿನ ಬೋರ್ಡು ಟೆಸ್ಟ್ ಮಾಡೋ ಕಡೆಯೆಲ್ಲ ಹಾಕ್ಸೋಕೆ ಎಷ್ಟು ಖರ್ಚಾಗುತ್ತೆ? ಫೇಲ್ ಆದ್ರೆ ರೀಡಿಂಗ್ ಬರೆದು ಕೈಗೆ ಕೊಡ್ಲಿ, ಮೆಕ್ಯಾನಿಕ್ ನೋಡ್ಕೊಂತಾರೆ. ಪೈಪ್ ಹಾಕದೆ ಚೀಟಿ ಕೊಡೋರನ್ನ ಸಾರಿಗೆ ಇಲಾಖೆಯೋರು ಒಂದಿನ ಹೇಳ್ದೆ ಕೇಳ್ದೆ ಹೋಗಿ ನೋಡ್ಲಿ, ಮಳೆಗಾಲ ಮುಗಿದು ಎಲ್ರೂ ಶೆಡ್ಡಿಂದ ಗಾಡಿ ಹೊರಗೆ ತೆಗೆಯೋ ಟೈಮಲ್ಲಿ ಹೋದ್ರೆ ಒಳ್ಳೇದು.

– ಒಬ್ಬ ಓದುಗ, ಸುಂಟಿಕೊಪ್ಪ