ಗಡ್ಡೆ ಕೊಯ್ಯುವ ಮೊದಲು ಪರೀಕ್ಷೆಯಾಗಲಿ

ಮಾನ್ಯರೇ,

ಸ್ನಾಯು, ಕೊಬ್ಬಿನಂಥ ಮೃದು ಅಂಗಾಂಶಗಳಲ್ಲಿ ಹುಟ್ಟುವ ಸಾರ್ಕೋಮಾ ಕ್ಯಾನ್ಸರನ್ನು ‘ಬರೀ ಕೊಬ್ಬಿನ ಗಡ್ಡೆ’ ಎಂದು ಕಡೆಗಣಿಸುವುದು ಅಪಾಯಕಾರಿ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ 1 ಮಾತ್ರ. ಸಾಮಾನ್ಯ ವೈದ್ಯರಿಗೂ ಇದು ಕಾಣಸಿಗುವುದು ಅಪರೂಪ. ಆರಂಭದಲ್ಲಿ ಹೆಚ್ಚಾಗಿ ನೋವೂ ಇರುವುದಿಲ್ಲ. ನೋವಿಲ್ಲದ ಮೇಲೆ ಅಡಿಕೆ ಕೊಯ್ಲು ಬಿಟ್ಟು ಆಸ್ಪತ್ರೆಗೆಂದು ಮಂಗಳೂರಿಗೋ ತಲಶ್ಶೇರಿಗೋ ಬಸ್ ಹತ್ತುವವರು ಯಾರು? ತೊಡೆಯ ಗಡ್ಡೆ ಲುಂಗಿಯ ಮರೆಯಲ್ಲಿ ಬೆಳೆಯುತ್ತಲೇ ಇರುತ್ತದೆ. ಸ್ಕ್ಯಾನ್, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸದೆ ಅವಸರದಲ್ಲಿ ಕೊಯ್ದು ತೆಗೆದರಂತೂ ಕ್ಯಾನ್ಸರ್ ಕೋಶಗಳು ಅಲ್ಲೇ ಉಳಿದು ಮುಂದಿನ ಚಿಕಿತ್ಸೆ ಜಟಿಲವಾಗಬಹುದು. 5 ಸೆಂ.ಮೀ. ಮೀರಿದ, ಆಳದಲ್ಲಿರುವ ಅಥವಾ ಬೆಳೆಯುತ್ತಿರುವ ಗಡ್ಡೆಯನ್ನು ಮೊದಲು ತಜ್ಞರಿಗೆ ತೋರಿಸಬೇಕೆಂಬ ಸೂಚನೆಯನ್ನು ಕಾಸರಗೋಡಿನ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಮಲಯಾಳದ ಜತೆ ಕನ್ನಡದಲ್ಲೂ ಹಾಕಲಿ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಗಡ್ಡೆಯ ಬಗ್ಗೆಯೂ ವಿಚಾರಿಸಲಿ.

– ಓದುಗ, ಪೆರ್ಲ