ಪಂಪಾ, ನಿನ್ನ ಹೆಸರಿನ ಬಗ್ಗೆ

ಪ್ರೀತಿಯ ಪಂಪಾ,

ಎಸ್ಸೆಸ್ಸೆಲ್ಸಿ ನೋಂದಣಿಗೆ ಹೆಸರು ಕಳಿಸುವಾಗಲೇ ಬೇರೆ ಹೆಸರು ಹಾಕಿಸಬಹುದಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ನಾನಾಗ ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಇಂಥ ವಿಷಯವನ್ನು ಫೋನಿನಲ್ಲಿ ಅರ್ಧಂಬರ್ಧ ಮಾತಾಡುವುದಕ್ಕಿಂತ ಕೂತು ಬರೆಯುವುದೇ ಒಳ್ಳೆಯದು ಅನ್ನಿಸಿತು. ನಿಧಾನವಾಗಿ ಓದು.

ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಹುಡುಗರು 'ಪಂಪ್‌ಸೆಟ್' ಅಂತ ಕೂಗುತ್ತಾರೆ. ಹೊಸದಾಗಿ ಬಂದ ಮೇಷ್ಟ್ರು ಹಾಜರಿ ಕರೆಯುವಾಗ 'ಪಂಪ' ಅಂತ ಓದಿ ಹುಡುಗರ ಸಾಲಿನ ಕಡೆ ನೋಡುತ್ತಾರೆ. ಗೂಗಲ್‌ನಲ್ಲಿ ಹುಡುಕಿದರೆ ದಕ್ಷಿಣ ಅಮೆರಿಕದ ಹುಲ್ಲುಗಾವಲು ಬರುತ್ತದೆ. ಆ ಹುಲ್ಲುಗಾವಲಿಗೂ ನಿನಗೂ ಯಾವ ನಂಟೂ ಇಲ್ಲ. ಅದು ಆ ಕಡೆಯ ಕ್ವೆಚುವಾ ಭಾಷೆಯ ಮಾತು, ಬಯಲು ಅಂತ ಅರ್ಥ. ಹಾಜರಿಯ ತೊಂದರೆಗೆ ಕಾರಣ ಇಂಗ್ಲಿಷ್ ಸ್ಪೆಲ್ಲಿಂಗ್. ಅದರಲ್ಲಿ ನಿನ್ನ ಕೊನೆಯ ದೀರ್ಘ ಬಿದ್ದುಹೋಗುತ್ತದೆ. ಪಂಪ ಅಂದರೆ ಕವಿ, ಪಂಪಾ ಅಂದರೆ ನೀನು.

ಈ ಹೆಸರು ಎಲ್ಲಿಂದ ಬಂತು ಅಂತ ನಿನಗೆ ಅಲ್ಲಿ ಇಲ್ಲಿ ಚೂರುಚೂರು ಗೊತ್ತು. ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ.

ನಮ್ಮ ಹೊಸಪೇಟೆ, ಕಂಪ್ಲಿ, ಗಂಗಾವತಿ ಕಡೆ ಒಂದು ಸುತ್ತು ಹಾಕಿದರೆ ಪಂಪಾಪತಿ ಅನ್ನುವ ಗಂಡಸರು ಬೇಕಾದಷ್ಟು ಸಿಗುತ್ತಾರೆ. ಪಂಪಣ್ಣ, ಹಂಪಣ್ಣ, ಹಂಪಯ್ಯ ಕೂಡ ಇದ್ದಾರೆ. ವಯಸ್ಸಾದ ಹೆಂಗಸರಲ್ಲಿ ಹಂಪಮ್ಮ ಇದ್ದಾರೆ. ನನ್ನ ಅಜ್ಜಿಯ ಓಣಿಯಲ್ಲಿ ಹಂಪಮ್ಮ ಅಂತ ಕೂಗಿದರೆ ಬೇರೆ ಬೇರೆ ಮನೆಯಿಂದ 'ಓ' ಅನ್ನುತ್ತಿದ್ದರು. ಆದರೆ ಬರೀ ಪಂಪಾ? ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿನ್ನನ್ನು ಹೊಟ್ಟೆಯಲ್ಲಿ ಹೊತ್ತಿದ್ದಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಪಂಪಾಪತಿ ಅಂದರೆ ಪಂಪೆಯ ಗಂಡ. ಉಮಾಪತಿ, ಲಕ್ಷ್ಮೀಪತಿ ಅಂತಲೂ ಹೆಸರಿವೆ, ಹೌದು. ಆದರೆ ಉಮಾ, ಲಕ್ಷ್ಮಿ ಅನ್ನುವ ಹೆಣ್ಣುಮಕ್ಕಳೂ ಮನೆಮನೆಯಲ್ಲಿದ್ದಾರೆ. ಪಂಪೆಯ ವಿಷಯದಲ್ಲಿ ಗಂಡನ ಹೆಸರು ಊರ ತುಂಬ ಉಳಿಯಿತು, ಅವಳ ಸ್ವಂತ ಹೆಸರು ಮಾತ್ರ ಹೆಣ್ಣುಮಕ್ಕಳಿಗೆ ಬರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಯಾಕೆಂದರೆ ಆ ಊರಿನಲ್ಲಿ ಮೊದಲು ಇದ್ದವಳು ಅವಳೇ. ಹಂಪೆಯ ಬಗ್ಗೆ ಓದಿದ ವಿದ್ವಾಂಸರು ಬಹಳ ಮಂದಿ ಹೇಳುವುದು ಇದನ್ನೇ. ಪಂಪಾ ಆ ನದಿಯ ದಂಡೆಯ, ಆ ಬಂಡೆಗಳ ನಡುವಿನ ದೇವತೆ. ಶಿವ ಆಮೇಲೆ ಬಂದು ಅವಳ ಗಂಡನಾದ. ವಿಜಯನಗರ ಕಟ್ಟಿದ್ದು 1336ರಲ್ಲಿ ಅಂತ ನೀನು ಪಾಠದಲ್ಲಿ ಓದಿದ್ದೀಯ. ಅದಕ್ಕಿಂತ ಆರು ನೂರು ವರ್ಷಕ್ಕೂ ಹಿಂದೆ, ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಕಾಲದ ತಾಮ್ರಶಾಸನದಲ್ಲೇ ಪಂಪೆಯ ಹೆಸರು ಬರುತ್ತದೆ. ತುಂಗಭದ್ರೆಯನ್ನೂ ಹಿಂದೆ ಪಂಪಾ ಅಂತಲೇ ಕರೆಯುತ್ತಿದ್ದರು. ನೀನು ಚಿಕ್ಕವಳಿದ್ದಾಗ ಗೇಟು ತೆಗೆದಾಗೆಲ್ಲ ನೋಡಲು ಹಠ ಮಾಡುತ್ತಿದ್ದ ನಮ್ಮ ಡ್ಯಾಮಿಗೆ ಪಂಪಾಸಾಗರ ಅಂತ ಹೆಸರಿರುವುದು ಅದಕ್ಕೇ.

ಇನ್ನು ಅವಳ ಕತೆ. ನಮ್ಮ ಕಡೆ ಹೇಳುವುದು ಹೀಗೆ. ಪಂಪಾ ಬ್ರಹ್ಮನ ಮಾನಸಪುತ್ರಿ. ಮದುವೆಯಾದರೆ ಶಿವನನ್ನೇ ಅಂತ ಹಟ ಹಿಡಿದಳು. ಶಿವ ಆಗ ಹೇಮಕೂಟದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಯಾರ ಕಡೆಯೂ ತಿರುಗಿ ನೋಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನ ಮನಸ್ಸು ಕದಲಿಸಲು ದೇವತೆಗಳು ಮನ್ಮಥನನ್ನು ಕಳಿಸಿದರು. ಅವನು ಹೂವಿನ ಬಾಣ ಬಿಟ್ಟ. ಶಿವ ಮೂರನೇ ಕಣ್ಣು ತೆರೆದ, ಮನ್ಮಥ ಸುಟ್ಟು ಬೂದಿಯಾದ. ಅಷ್ಟಾದ ಮೇಲೆ ಬೇರೆ ಯಾರಾದರೂ ಹೆದರಿ ಮನೆಗೆ ಹೋಗುತ್ತಿದ್ದರು. ಪಂಪಾ ಹೋಗಲಿಲ್ಲ. ಅವಳು ತನ್ನ ಪಾಡಿಗೆ ತಪಸ್ಸು ಮುಂದುವರಿಸಿದಳು. ಕೊನೆಗೆ ಶಿವನೇ ಎದ್ದು ಅವಳ ಹತ್ತಿರ ಬಂದ. ಮದುವೆಯ ದಿನ ದೇವತೆಗಳು ಚಿನ್ನದ ಮಳೆ ಸುರಿಸಿದರು, ಬೆಟ್ಟಕ್ಕೆ ಹೇಮಕೂಟ ಅನ್ನುವ ಹೆಸರು ಬಂದದ್ದು ಆಗ.

ಪಾರ್ವತಿಯ ಕತೆಯೂ ಇದೇ ಅಲ್ವಾ ಅಂತ ನೀನು ಕೇಳುತ್ತೀಯ. ಹೌದು, ಕಾಲಕ್ರಮದಲ್ಲಿ ಇಬ್ಬರೂ ಒಂದೇ ಅಂತಾಯಿತು. ಆದರೆ ಹಂಪೆಯಲ್ಲಿ ಹಿಮಾಲಯದ ಮಾತು ಬರುವುದಿಲ್ಲ. ಇಲ್ಲಿ ಎಲ್ಲವೂ ಕಣ್ಣೆದುರೇ ಇದೆ. ಇದು ಅವನು ಕೂತ ಬೆಟ್ಟ, ಇದು ಅವಳ ನದಿ, ಇದು ಮದುವೆ ನಡೆದ ಜಾಗ ಅಂತ ಕೈ ತೋರಿಸಿ ಹೇಳುತ್ತಾರೆ.

ವಿರೂಪಾಕ್ಷ ಗುಡಿಯ ದೊಡ್ಡ ರಂಗಮಂಟಪ ನೆನಪಿದೆಯಾ? ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ಕಟ್ಟಿಸಿದ್ದು, 1510ರ ಶಾಸನ ಅಲ್ಲೇ ನಿಂತಿದೆ. ನೀನು ಪ್ರತಿಸಲವೂ ಗೋಪುರದ ತಲೆಕೆಳಗಾದ ನೆರಳು ನೋಡಲು ಹಿಂದಕ್ಕೆ ಓಡುತ್ತಿದ್ದೆ. ಮುಂದಿನ ಸಲ ಮಂಟಪದ ನಡುವೆ ನಿಂತು ಸುಮ್ನೆ ತಲೆ ಎತ್ತಿ ನೋಡು. ಚಾವಣಿಯ ತುಂಬ ಚಿತ್ರಗಳಿವೆ. ಒಂದು ಕಡೆ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ. ಇನ್ನೊಂದು ಕಡೆ ದ್ರೌಪದಿ ಸ್ವಯಂವರ, ಅರ್ಜುನ ಮೀನಿಗೆ ಗುರಿ ಇಟ್ಟಿದ್ದಾನೆ. ಅಲ್ಲೇ ಮನ್ಮಥನೂ ಇದ್ದಾನೆ, ಧ್ಯಾನಕ್ಕೆ ಕೂತ ಶಿವನ ಕಡೆ ಬಾಣ ಹೂಡಿದ್ದಾನೆ. ಶಿವನ ಮದುವೆಯ ಚಿತ್ರವೂ ಇದೆ. ಕೆಂಪು ಬಣ್ಣವೇ ಜಾಸ್ತಿ, ಅಲ್ಲಲ್ಲಿ ಮಸಿ ಹಿಡಿದಿದೆ. ಆದರೂ ಗೆರೆಗಳು ಗಟ್ಟಿಯಾಗಿವೆ. ಕತ್ತು ನೋಯುವವರೆಗೂ ನೋಡಬೇಕು. ಆಮೇಲೆ ಒಳಗೆ ಹೋಗಿ ಪಂಪಾದೇವಿಯ ಗುಡಿಗೆ ಕೈ ಮುಗಿ. ಅಲ್ಲಿ ಭುವನೇಶ್ವರಿಯೂ ಅವಳೂ ಅಕ್ಕತಂಗಿಯರ ಹಾಗೆ ಇದ್ದಾರೆ.

ಪಂಪೆ ಹಂಪೆ ಆದದ್ದು ಹೇಗೆ ಅಂತ ನಿನ್ನ ಕನ್ನಡ ಮೇಡಂ ಹೇಳಿರಬೇಕು. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು. ಅದೇ ಊರಿನ ಕವಿ ಹರಿಹರನನ್ನು ಈಗಲೂ ಹಂಪೆಯ ಹರಿಹರ ಅನ್ನುತ್ತೇವೆ. ಅವನು ಬರೆದ ಶತಕದ ಹೆಸರು ಮಾತ್ರ ಪಂಪಾಶತಕ. ಜನರ ಬಾಯಲ್ಲಿ ಹಕಾರ ಬಂತು, ಕಾವ್ಯದಲ್ಲಿ ಪಕಾರ ಉಳಿಯಿತು. ನಿನ್ನ ಹೆಸರನ್ನು 'ಹಂಪಾ' ಅಂತ ಇಡೋಣ ಅಂತ ನಿಮ್ಮಪ್ಪ ಒಂದು ಸಲ ಅಂದಿದ್ದರು. ನಾನು ಒಪ್ಪಲಿಲ್ಲ. ಹಳೆಯದೇ ಇರಲಿ ಅಂದೆ.

ಕವಿ ಪಂಪನ ಬಗ್ಗೆಯೂ ಒಂದು ಮಾತು ಹೇಳಬೇಕು. ನಿನ್ನನ್ನು ಕೆಣಕುವ ಹುಡುಗರಿಗೆ ಇದು ಗೊತ್ತಾಗಲಿ. 941ರಲ್ಲಿ ಆದಿಪುರಾಣ ಬರೆದು ಮುಗಿಸಿದವನು ಅವನು. 'ಮನುಷ್ಯಜಾತಿ ತಾನೊಂದೆ ವಲಂ' ಅಂದವನೂ ಅವನೇ. ಅವನಾದ ಮೇಲೆ ನಾಗಚಂದ್ರ ಅನ್ನುವ ದೊಡ್ಡ ಕವಿ ತನ್ನನ್ನು ಅಭಿನವ ಪಂಪ ಅಂತ ಕರೆದುಕೊಂಡ. ಇನ್ನೊಬ್ಬರ ಹೆಸರನ್ನು ಬಿರುದಾಗಿ ಇಟ್ಟುಕೊಳ್ಳುವುದು ಅಂದರೆ ಆ ಹೆಸರಿಗೆ ಎಷ್ಟು ತೂಕ ಇದ್ದಿರಬೇಕು ನೋಡು. ಕರ್ನಾಟಕ ಸರ್ಕಾರ 1987ರಲ್ಲಿ ಪಂಪ ಪ್ರಶಸ್ತಿ ಶುರು ಮಾಡಿದಾಗ ಮೊದಲು ಕೊಟ್ಟದ್ದು ಕುವೆಂಪು ಅವರಿಗೆ.

ಹೆಣ್ಣುಮಕ್ಕಳಿಗೆ ಈ ಹೆಸರು ಇರಲೇ ಇಲ್ಲ ಅಂತಲ್ಲ. ತೀರ್ಥಹಳ್ಳಿಯ ಆಚೆ ಹುಂಚ ಇದೆಯಲ್ಲ, ಪದ್ಮಾವತಿಯ ಊರು, ಅಲ್ಲಿನ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಸಾಂತರ ಮನೆತನದ ಪಂಪಾದೇವಿಯ ಹೆಸರು ಬರುತ್ತದೆ. ಓದು ಬಲ್ಲವಳು, ಧರ್ಮಕಾರ್ಯ ಮಾಡಿಸಿದವಳು. ಬಂಗಾಳದಲ್ಲಂತೂ ಪಂಪಾ ಇವತ್ತಿಗೂ ಹೆಣ್ಣುಮಕ್ಕಳ ಹೆಸರೇ. ಅವರ ನಾಲಿಗೆಯಲ್ಲಿ ಅದು ಪೊಂಪಾ ಅಂತ ಕೇಳಿಸುತ್ತದೆ. ಅಷ್ಟು ದೂರದವರೂ ರಾಮಾಯಣ ಓದಿದವರೇ ಅಲ್ವಾ, ಪಂಪಾ ಸರೋವರ ಅವರಿಗೂ ಗೊತ್ತು. ಕೇರಳದಲ್ಲಿ ಶಬರಿಮಲೆಗೆ ಹೋಗುವವರು ಮೀಯುವ ಹೊಳೆಯ ಹೆಸರೂ ಪಂಪಾ. ಎಲ್ಲ ಕಡೆ ತಿರುಗಿದ ಹೆಸರು ತವರಿನಲ್ಲೇ ಹೆಣ್ಣುಮಕ್ಕಳಿಗೆ ಇಲ್ಲ ಅನ್ನುವುದು ನನಗೆ ಸಂಕಟದ ವಿಷಯ.

ಸರೋವರ ಅಂದೆನಲ್ಲ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ಶುರುವಾಗುವುದೇ ನಿನ್ನ ದಂಡೆಯಲ್ಲಿ. ವಸಂತ ಬಂದಿದೆ, ತಾವರೆ ಅರಳಿವೆ, ನವಿಲು ಕುಣಿಯುತ್ತಿವೆ. ಸೀತೆಯನ್ನು ಕಳೆದುಕೊಂಡ ರಾಮ ಅದನ್ನೆಲ್ಲ ನೋಡಿ ತಡೆಯಲಾಗದೆ ಅಳುತ್ತಾನೆ. ಪಂಪೆಯ ದಂಡೆ ದಾಟಿ ಋಷ್ಯಮೂಕದ ಕಡೆ ನಡೆದಾಗ ಹನುಮಂತ ಎದುರಾಗುತ್ತಾನೆ. ರಾಮನಿಗೆ ಮತ್ತೆ ಧೈರ್ಯ ಬಂದದ್ದು ಅಲ್ಲಿಂದ. ಆನೆಗೊಂದಿ ಹತ್ತಿರದ ಆ ಕೊಳಕ್ಕೆ ನಿನ್ನನ್ನು ಕರೆದುಕೊಂಡು ಹೋಗಿದ್ದೆವು. ಪಕ್ಕದ ಶಬರಿ ಗುಹೆ ನೋಡಿ ಹೆದರಿ ಅತ್ತಿದ್ದೆ, ಅದಕ್ಕೇ ಕೊಳ ನೋಡಿದ್ದು ನಿನಗೆ ನೆನಪಿಲ್ಲ. ಬ್ರಹ್ಮನಿಗೆ ಸಂಬಂಧಪಟ್ಟ ಮಾನಸ ಸರೋವರ, ಗುಜರಾತಿನ ಬಿಂದು ಮತ್ತು ನಾರಾಯಣ ಸರೋವರ, ರಾಜಸ್ಥಾನದ ಪುಷ್ಕರ, ಇವುಗಳ ಸಾಲಿನಲ್ಲಿ ಐದನೆಯದು ನಮ್ಮ ಪಂಪಾ.

ನಿನ್ನ ತೊಟ್ಟಿಲು ಕಾರ್ಯದ ದಿನ ಮನೆಯಲ್ಲಿ ಎಲ್ಲರಿಗೂ ಖುಷಿಯೇನೂ ಇರಲಿಲ್ಲ. ಇದೇನು ಮುದುಕರ ಹೆಸರು ಅಂದರು. ಎರಡಕ್ಷರದ, ಕೇಳಲು ನಯವಾದ ಹೆಸರು ಇಡು ಅಂದರು. ಪಂಪಾ ಕೂಡ ಎರಡೇ ಅಕ್ಷರ ಅಂತ ನಾನು ಪಟ್ಟು ಬಿಡಲಿಲ್ಲ. ಕೊನೆಗೆ ನಿನ್ನ ಸೋದರತ್ತೆಯೇ ನನ್ನ ಪರ ನಿಂತಳು. ನಿನ್ನನ್ನು ತೊಟ್ಟಿಲಿಗೆ ಹಾಕಿ, ಕಿವಿ ಹತ್ತಿರ ಬಾಗಿ ಕುರ್ರ್ ಅಂದು, ಮೆಲ್ಲಗೆ ಪಂಪಾ ಅಂದಳು. ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಿದರು. ಆ ಹೊಡೆತಕ್ಕೆ ಅವಳ ತುರುಬಿನ ಮಲ್ಲಿಗೆ ದಂಡೆ ಜಾರಿ ನಿನ್ನ ಹೊಟ್ಟೆಯ ಮೇಲೆ ಬಿತ್ತು. ನೀನು ಅದನ್ನು ಹಿಡಿದುಕೊಂಡೆ, ಬಿಡಿಸಲು ಬಿಡಲಿಲ್ಲ. ಆಗ ನಿಮ್ಮಜ್ಜಿ, ಹೆಸರು ಬೇಡ ಅಂದವರಲ್ಲಿ ಮೊದಲನೆಯವರು, ಸರಿ ಬಿಡು, ಹೆಸರಿಗೆ ತಕ್ಕ ಹಟ ಐತಿ ಅಂದರು.

ಈಗ ಫಾರಂ ವಿಷಯ. ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾದ ಹೆಸರು ಮುಂದೆ ಎಲ್ಲ ಕಡೆ ಅದೇ ಆಗುತ್ತದೆ. ಆಮೇಲೆ ಬದಲಾಯಿಸಬೇಕು ಅಂದರೆ ಅಫಿಡವಿಟ್ಟು, ಗೆಜೆಟ್ಟು ಅಂತ ಓಡಾಟ. ಹಾಗಾಗಿ ನೀನು ಈಗಲೇ ಕೇಳಿದ್ದು ಒಳ್ಳೆಯದಾಯಿತು. ಬದಲಾಯಿಸಲೇಬೇಕು ಅನ್ನಿಸಿದರೆ ನಾನು ಅಡ್ಡ ಬರುವುದಿಲ್ಲ, ಅಪ್ಪನೂ ಸಹಿ ಹಾಕುತ್ತಾರೆ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ನನ್ನ ಆಸೆ ಏನು ಅಂತ ಮುಚ್ಚಿಡುವುದಿಲ್ಲ. ನೀನು ಪಂಪಾ ಆಗಿಯೇ ಇರಬೇಕು. ಡಾಕ್ಟರಾಗಲಿ, ಲಾಯರಾಗಲಿ, ಏನೇ ಆಗಲಿ, ಬೋರ್ಡಿನ ಮೇಲೆ ಆ ಹೆಸರು ಬರಬೇಕು. ಅದನ್ನು ಓದಿ ನಮ್ಮ ಕಡೆಯ ಇನ್ಯಾವಳೋ ತಾಯಿ ತನ್ನ ಮಗಳಿಗೂ ಇಡಬೇಕು.

ಇಟ್ಟುಕೊಳ್ಳುವುದಾದರೆ ಒಂದು ಕೆಲಸ ಮಾಡು. ಕನ್ನಡದ ಕಾಲಂನಲ್ಲಿ ದೀರ್ಘ ಬಿಡದೆ ಬರೆಸು. ಇಂಗ್ಲಿಷಿನಲ್ಲಿ ಕೊನೆಗೆ ಎರಡು 'ಎ' ಹಾಕಿಸಬೇಕಾ ಅಂತ ಕ್ಲಾಸ್ ಟೀಚರ್ ಹತ್ತಿರ ಕೇಳು. ಆಧಾರ್‌ನಲ್ಲಿ ಒಂದೇ ಇದೆ, ಎರಡೂ ಒಂದೇ ತರಹ ಇದ್ದರೆ ಮುಂದೆ ತಲೆನೋವು ಕಡಿಮೆ.

ಫಲಪೂಜೆ ಹೊತ್ತಿಗೆ ರಜೆ ಸಿಗುತ್ತದಾ ನೋಡು. ಪಂಪಾ ವಿರೂಪಾಕ್ಷರ ನಿಶ್ಚಿತಾರ್ಥ ಅದು, ಮದುವೆ ಚೈತ್ರದ ತೇರಿನ ಹೊತ್ತಿಗೆ. ತೇರು ನೋಡಿದ್ದೀಯ, ಫಲಪೂಜೆ ನೋಡಿಲ್ಲ. ಅತ್ತೆಯೂ ಬರುತ್ತೇನೆ ಅಂದಿದ್ದಾಳೆ. ಕಳಿಸಿದ ಶೇಂಗಾ ಹೋಳಿಗೆ ಮುಗಿದಿದ್ದರೆ ಹೇಳು, ಶನಿವಾರ ಪಕ್ಕದ ಮನೆಯವರು ನಿಮ್ಮ ಹಾಸ್ಟೆಲ್ ಕಡೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಅಮ್ಮ